ಎಕ್ಸ್‌ರೇ ಮತ್ತು ಹನ್ನೆರಡು ಬೋಲ್ಟು

ಹೆತ್ತವರು ಇಟ್ಟ ಹೆಸರು ಏನಿತ್ತೋ, ಗ್ಯಾರೇಜಿನ ಬೀದಿಗೆಲ್ಲ ಅವನು ಎಕ್ಸ್‌ರೇ. ಗಾಡಿಯ ವರ್ಷ ಕೇಳಿ, ಆಕ್ಸಲ್ ಮೇಲೆ ಬೆರಳಿಂದ ಎರಡು ಸಲ ತಟ್ಟಿ, ಬೇಕಾದ ಬಿಡಿಭಾಗವನ್ನು ಬಾಯಲ್ಲೇ ಹೇಳಿಬಿಡುತ್ತಿದ್ದ. ಮೂವತ್ತು ವರ್ಷದಲ್ಲಿ ಅಳತೆಯ ಪುಸ್ತಕ ತೆರೆದದ್ದು ಎರಡೇ ಸಲ; ಎರಡೂ ಸಲ ಅದರೊಳಗೆ ಮರೆತಿಟ್ಟ ಕನ್ನಡಕಕ್ಕಾಗಿ.

ಅಂಥ ಮಹಾಪುರುಷ ಅಂದು ಬೆಳಗ್ಗೆ ಹನ್ನೊಂದೂವರೆಗೆ ಅತ್ತಿಗೆಯ ಪಿಕಪ್ಪಿನ ಅಡಿಯಲ್ಲಿ ಅಂಗಾತ ಬಿದ್ದು ಬೆವರುತ್ತಿದ್ದ.

ಅತ್ತಿಗೆ ಆ ಹಳೇ ಗಾಡಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆಯುವಲ್ಲಿಗೆ ಸಾಗಿಸುತ್ತಿದ್ದಳು. ಇವತ್ತು ಗಾಡಿ ಹೋಗಿರಲಿಲ್ಲ. ನಾಳೆ ಬೆಳಗ್ಗೆ ಆರು ಗಂಟೆಗೂ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಹಿಂದಿನ ಆಕ್ಸಲ್ ಕರಕರ ಎನ್ನುತ್ತಿತ್ತು. ಎಣ್ಣೆ ಇಳಿಸಿದಾಗ ಗೇರಿನ ಹಲ್ಲಿನ ಚೂರೊಂದು ಬಿದ್ದಿತ್ತು. ಒಳಗಿನ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಚಿಕ್ಕ ಗೇರು ಪಿನಿಯನ್, ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಪಕ್ಕದ ಊರಿನ ಅಂಗಡಿಯಲ್ಲಿ ಎರಡು ಜೋಡಿ ಇದ್ದವು: ಒಂದು ಮೂವತ್ತೇಳಕ್ಕೆ ಒಂಬತ್ತು ಹಲ್ಲಿನದು, ಇನ್ನೊಂದು ನಲವತ್ತೊಂದಕ್ಕೆ ಹನ್ನೊಂದರದು. ಒಂದು ಕೂರುವ ಕಡೆ ಇನ್ನೊಂದು ಕೂರುವುದಿಲ್ಲ. ಸಾಮಾನು ತರುವ ವ್ಯಾನು ಹೊರಡುವುದು ದಿನಕ್ಕೊಂದೇ ಸಲ, ಹನ್ನೆರಡಕ್ಕೆ.

ಎಕ್ಸ್‌ರೇ ಕಾಗದದಲ್ಲಿನ ವರ್ಷ ನೋಡಿ, ತಟ್ಟಿ, “ಮೂವತ್ತೇಳು–ಒಂಬತ್ತು ಕಟ್ಟು” ಎಂದು ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದ. ಆಮೇಲೆ ಕೊಳೆ ಒರೆಸಿದರೆ ಆಕ್ಸಲ್ಲಿನ ಮುಚ್ಚಳಕ್ಕೆ ಹನ್ನೆರಡು ಬೋಲ್ಟು. ಆ ವರ್ಷದ ಗಾಡಿಗೆ ಇರಬೇಕಾದದ್ದು ಹತ್ತು. ಹಿಂದಿನ ಮಾಲೀಕ ಯಾರೋ ಇಡೀ ಆಕ್ಸಲ್ಲನ್ನೇ ಬದಲಿಸಿದ್ದ; ಒಳಗಿರುವುದು ಯಾವ ಜೋಡಿಯೋ.

“ಏನಾಯ್ತು ಡಾಕ್ಟ್ರೇ, ನಾಡಿ ಸಿಗ್ತಿಲ್ವಾ?” ಅತ್ತಿಗೆ ಬಗ್ಗಿ ನೋಡಿದಳು.

“ಏನಿಲ್ಲ ಅತ್ತಿಗೆ, ಸುಮ್ನೆ ಇನ್ನೊಂದ್ಸಲ ನೋಡ್ತಿದೀನಿ.”

“ಸುಮ್ನೆ ನೋಡೋನ ಕಿವಿ ಹಾಗೆ ಕೆಂಪಾಗಲ್ಲ.”

ಆಕ್ಸಲ್ ಬಿಚ್ಚಿ ಹಲ್ಲು ಎಣಿಸಲು ಅರ್ಧ ದಿನ ಬೇಕು. ಉಳಿದದ್ದು ಅರ್ಧ ಗಂಟೆ. ಹೊರಗಿನಿಂದಲೇ ಲೆಕ್ಕ ಹಾಕಬೇಕು: ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಎಂಜಿನ್ನಿನಿಂದ ಬರುವ ಉದ್ದ ಶಾಫ್ಟು ಎಷ್ಟು ಸುತ್ತುತ್ತದೆ? ನಾಲ್ಕು ದಾಟಿದರೆ ಮೂವತ್ತೇಳು–ಒಂಬತ್ತು, ಮೂರು ಮುಕ್ಕಾಲಿನ ಹತ್ತಿರ ನಿಂತರೆ ನಲವತ್ತೊಂದು–ಹನ್ನೊಂದು. ಅವನು ಒಂದು ಹಿಂಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದ. ಗೇರು ನ್ಯೂಟ್ರಲ್. ಟಯರಿಗೂ ಶಾಫ್ಟಿಗೂ ಸೀಮೆಸುಣ್ಣದ ಗೆರೆ. ಅತ್ತಿಗೆ ಚಕ್ರ ತಿರುಗಿಸಿದಳು; ಅವನು ಕೆಳಗೆ ಮಲಗಿ ಎಣಿಸಿದ.

ಶಾಫ್ಟು ಎರಡು ಸುತ್ತೂ ಮುಗಿಸಲಿಲ್ಲ.

ಅಂಥ ಆಕ್ಸಲ್ಲು ಆ ಕಂಪನಿಯಲ್ಲಿ ಹುಟ್ಟೇ ಇಲ್ಲ. ಮತ್ತೆ ತಿರುಗಿಸಿದರು. ಅಷ್ಟೇ. ಹನ್ನೊಂದು ನಲವತ್ತೆಂಟು. ಮೂವತ್ತು ವರ್ಷದ ಕೀರ್ತಿ ಗ್ರೀಸಿನ ಮೇಲೆ ಕಾಲಿಟ್ಟಂತೆ ಜಾರತೊಡಗಿತು.

“ಆ ಕಡೆ ಚಕ್ರ ಯಾಕೆ ಸುಮ್ನೆ ಕೂತಿದೆ?” ಎಂದಳು ಅತ್ತಿಗೆ.

“ನೆಲದ ಮೇಲಿದೆಯಲ್ಲ, ಕೂತಿರತ್ತೆ.”

“ಕೆಸರಲ್ಲಿ ಸಿಕ್ಕಾಗಲೂ ಹೀಗೇ. ಒಂದು ಕೂತ್ಕೊಳ್ಳತ್ತೆ, ಅದರ ಪಾಲಿಂದೂ ಸೇರಿಸ್ಕೊಂಡು ಇನ್ನೊಂದು ಎರಡರಷ್ಟು ಸುತ್ತತ್ತೆ. ಹಾಗಿದ್ರೆ ಇದನ್ನ ಎರಡು ಸುತ್ತು ಸುತ್ತಿಸಬೇಕಲ್ವೇನೋ?”

ಎಕ್ಸ್‌ರೇ ಶಾಫ್ಟಿನ ಗೆರೆಯನ್ನು ಒರೆಸಿ ಹೊಸದಾಗಿ ಎಳೆದ. ಒಂದೇ ಚಕ್ರ ಎತ್ತಿದರೆ ಎರಡು ಸುತ್ತು ಎಂಬುದನ್ನು ಅವನೇ ಎಷ್ಟೋ ಜನಕ್ಕೆ ಬೈದು ಕಲಿಸಿದ್ದ.

“ತಿರುಗಿಸಿ ಅತ್ತಿಗೆ. ಎರಡು.”

ಶಾಫ್ಟಿನ ಗೆರೆ ಒಂದು, ಎರಡು, ಮೂರು ಸಲ ಹಾದು ಮುಕ್ಕಾಲಿಗೆ ಕೊಂಚ ಮೊದಲೇ ನಿಂತಿತು.

ನಲವತ್ತೊಂದು–ಹನ್ನೊಂದು. ಅಂಗಡಿಯಲ್ಲಿ ಕಟ್ಟಿಸಿದ್ದು ಇನ್ನೊಂದು.

ಫೋನು ಬ್ಯುಸಿ. ಮತ್ತೆ ಬ್ಯುಸಿ. ಹನ್ನೊಂದು ಐವತ್ತೇಳಕ್ಕೆ ಅಂಗಡಿಯವನು ಎತ್ತಿದ.

“ನಿಮ್ಮ ಪಾರ್ಸಲ್ ವ್ಯಾನಿಗೆ ಏರಿಸಾಯ್ತಲ್ಲ ಅಣ್ಣ.”

“ಇಳಿಸು. ಅದಲ್ಲ, ಇನ್ನೊಂದು ಕಟ್ಟು.”

“ಯಾಕೆ, ಇದರಲ್ಲಿ ಏನಾದ್ರೂ ಐಬಿದೆಯಾ?”

ಅತ್ತಿಗೆ ಪಕ್ಕದಲ್ಲೇ ನಿಂತು ಸೀಮೆಸುಣ್ಣ ಹತ್ತಿದ ಕೈ ಒರೆಸಿಕೊಳ್ಳುತ್ತಿದ್ದಳು. ಎಕ್ಸ್‌ರೇ ಅವಳಿಗೆ ಬೆನ್ನು ತಿರುಗಿಸಿದ.

“ಅದರಲ್ಲಿ ಇಲ್ಲ. ನಾನು ಹೇಳಿದ್ದು ತಪ್ಪು.”

ಅಂಗಡಿಯವನು ಯಾರನ್ನೋ ಹತ್ತಿರ ಕರೆದದ್ದು ಕೇಳಿಸಿತು.

“ಇನ್ನೊಂದ್ಸಲ ಹೇಳಿ ಅಣ್ಣ, ಸ್ಪೀಕರಿಗೆ ಹಾಕ್ತೀನಿ. ಇಲ್ಲಿ ನಾಲ್ಕು ಜನ ಇದಾರೆ.”

ಅವನು ಇನ್ನೊಂದು ಸಲ ಹೇಳಿದ. ವ್ಯಾನು ಐದು ನಿಮಿಷ ತಡವಾಗಿ ಹೊರಟಿತು.