ತೆಂಗಿನ ಮರಕ್ಕೆ ಕಟ್ಟಿದ ಹಗ್ಗ

ಅಲ್ಲಾಡದೆ ನಿಲ್ಲುವುದೂ ಒಂದು ವ್ಯಾಯಾಮ ಎಂಬುದು ನನಗೆ ಗೊತ್ತಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಕಾರ್ಕಳದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ಟ್ರಾಗಿ ಇಪ್ಪತ್ತೈದು ವರ್ಷ "ಓಡು, ಓಡು" ಎಂದು ಬೊಬ್ಬೆ ಹೊಡೆದವನಿಗೆ ಮೊಣಕಾಲು ನೋವು ಶುರುವಾಯಿತು. ಮಣಿಪಾಲದ ಫಿಸಿಯೋಥೆರಪಿ ಹುಡುಗಿ ನನ್ನ ಬೆನ್ನನ್ನು ಗೋಡೆಗೆ ಒರಗಿಸಿ, ಇಲ್ಲದ ಕುರ್ಚಿಯ ಮೇಲೆ ಕೂರಿಸಿ, "ಮುಕ್ಕಾಲು ನಿಮಿಷ ಅಲ್ಲಾಡಬೇಡಿ ಅಂಕಲ್" ಎಂದಳು. ಯೂನಿಫಾರ್ಮ್ ಹಾಕದೆ ಬಂದ ಮಕ್ಕಳಿಗೆ ನಾನು ಕೊಡುತ್ತಿದ್ದ ಶಿಕ್ಷೆ ಇದೇ. ಅದಕ್ಕೆ ಐಸೊಮೆಟ್ರಿಕ್ ಎಂಬ ಹೆಸರಿಟ್ಟು ಚಿಕಿತ್ಸೆ ಮಾಡಿದ್ದರು, ಅಷ್ಟೇ. ಸ್ನಾಯು ದುಡಿಯಬೇಕು, ಕೀಲು ಕದಲಬಾರದು. ಕೆಲವು ಕಚೇರಿಗಳಲ್ಲಿ ಇದರ ಎರಡನೆಯ ಭಾಗವನ್ನು ಮಾತ್ರ ನಿಷ್ಠೆಯಿಂದ ಪಾಲಿಸುತ್ತಾರೆ.

ಯೋಚಿಸಿದರೆ ಈ ವಿದ್ಯೆ ಹೊಸತೇನಲ್ಲ. ನಮ್ಮ ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿ ನಿಂತಿದ್ದಾನೆ. ಬಳ್ಳಿ ಕಾಲಿಗೆ ಸುತ್ತಿಕೊಂಡರೂ ಕದಲಲಿಲ್ಲ. ಅವನ ಬುಡದಲ್ಲೇ ಎಷ್ಟೋ ವರ್ಷ ಮಕ್ಕಳನ್ನು ಮೆಟ್ಟಿಲು ಹತ್ತಿಸಿ ಇಳಿಸಿದ ನನಗೆ, ಮೇಲೆ ನಿಂತವನಿಂದ ಏನಾದರೂ ಕಲಿಯಬಹುದು ಎಂದು ಹೊಳೆದಿರಲಿಲ್ಲ.

ಮೊಣಕಾಲು ಸ್ವಲ್ಪ ಸುಧಾರಿಸಿದ್ದೇ ತಡ, ಈ ಮದ್ದನ್ನು ಇತರರ ಮೇಲೆ ಪ್ರಯೋಗಿಸುವ ಹುಮ್ಮಸ್ಸು ಬಂತು. ಕಾಪುವಿನಲ್ಲಿ ನಮ್ಮ ಮನೆಯ ಹತ್ತಿರದ ಮಹಿಳಾ ಮಂಡಲದ ಹಗ್ಗಜಗ್ಗಾಟ ತಂಡಕ್ಕೆ ನಾನೇ ಕೋಚ್. ಹಿಂದಿನ ಮೂರು ವರ್ಷವೂ ಉಡುಪಿಯ ಪಂದ್ಯದಲ್ಲಿ ಮೊದಲ ಸುತ್ತಿನಲ್ಲೇ ಪಡುಬಿದ್ರಿಯವರಿಗೆ ಸೋತಿದ್ದೆವು. ಕ್ಯಾಪ್ಟನ್ ಕುಸುಮಕ್ಕ ಮೀನು ಮಾರುವವರು. "ಈ ಸಲವೂ ಸೋತರೆ ನಾನು ಹಗ್ಗ ಮುಟ್ಟುವುದಿಲ್ಲ ಮಾಷ್ಟ್ರೇ. ಬಂಗುಡೆಗೆ ಬಂದವರೂ ಮೊದಲು ಸೋತ ಕತೆ ಕೇಳ್ತಾರೆ, ಆಮೇಲೆ ರೇಟು ಕೇಳ್ತಾರೆ" ಎಂದಿದ್ದರು. ಕುಸುಮಕ್ಕ ಬಿಟ್ಟರೆ ತಂಡವೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

ಸೀಟಿ ಊದಿದ ಕೂಡಲೇ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದು, ಅರ್ಧ ನಿಮಿಷದಲ್ಲಿ ಸುಸ್ತಾಗುವುದು ನಮ್ಮವರ ರೋಗ. ಹಾಗಾಗಿ ಹಗ್ಗವನ್ನು ತೆಂಗಿನ ಮರಕ್ಕೆ ಕಟ್ಟಿ, "ಎಳೆಯಬೇಡಿ, ಹಿಂದಕ್ಕೆ ವಾಲಿ ಹಿಡಿದು ನಿಲ್ಲಿ" ಎಂದೆ. "ಇದೆಂತ ಮಾರಾಯ್ರೇ, ಮರ ಬರ್ತದಾ?" ಎಂದು ನಕ್ಕರು. ಮೊದಲ ದಿನ ಇಪ್ಪತ್ತು ಸೆಕೆಂಡಿಗೆ ಎಲ್ಲರೂ ಕೈಬಿಟ್ಟರು. ಮರುವಾರ ಕುಸುಮಕ್ಕ ಹಗ್ಗ ಹಿಡಿದುಕೊಂಡೇ ಎಲ್ಲೂರಿನಲ್ಲಿ ಮುರಿದುಬಿದ್ದ ಮದುವೆ ಸಂಬಂಧವೊಂದರ ಸುದ್ದಿ ತೆಗೆದರು. ಮುರಿದದ್ದು ಯಾಕೆ ಎಂದು ತಿಳಿಯದೆ ಕೈಬಿಡುವ ಹಾಗಿಲ್ಲ. ಒಂದೂವರೆ ನಿಮಿಷ ನಿಂತರು. ನಾನು ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡೆ. ಮೂರು ತಿಂಗಳಲ್ಲಿ ಅವರ ತೊಡೆ ಗಟ್ಟಿಯಾಯಿತು, ಊರಿನ ಗುಟ್ಟುಗಳೆಲ್ಲ ನನಗೆ ಬಾಯಿಪಾಠವಾದವು. ಕೊನೆಯ ದಿನ ನನ್ನ ಆಜ್ಞೆ: "ಮೈದಾನದಲ್ಲಿ ಯಾರು ಬೊಬ್ಬೆ ಹೊಡೆದರೂ ಕಿವಿ ಕೊಡಬಾರದು. ಹಿಡಿದದ್ದು ಹಿಡಿದೇ ಇರಬೇಕು."

ಉಡುಪಿಯಲ್ಲಿ ಪಂದ್ಯ. ಮೊದಲ ಸುತ್ತಿಗೆ ಮತ್ತೆ ಪಡುಬಿದ್ರಿಯವರೇ. ಮೂರರಲ್ಲಿ ಎರಡು ಎಳೆತ ಗೆದ್ದವರು ಮುಂದಕ್ಕೆ. ಅವರು ಎಳೆದರು, ನಮ್ಮವರು ಕದಲಲಿಲ್ಲ. ಮುಕ್ಕಾಲು ನಿಮಿಷಕ್ಕೆ ಎದುರಿನವರ ಮೊಣಕಾಲು ನಡುಗಿತು. "ಎಳೀರಿ" ಎಂದು ಕೂಗಿದೆ. ಯಾರೂ ಎಳೆಯಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಕುಸುಮಕ್ಕ ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ ಎದುರಿನವರು ಉಸಿರು ತೆಗೆದುಕೊಂಡು ನಮ್ಮನ್ನು ಗೆರೆ ದಾಟಿಸಿಬಿಟ್ಟರು.

"ಎಳೀರಿ ಅಂದದ್ದು ಕೇಳಲಿಲ್ವಾ?" ಎಂದು ರೇಗಿದೆ.

"ಕೇಳಿತು. ಕಿವಿ ಕೊಡಬಾರದು ಅಂತ ನೀವೇ ಹೇಳಿದ್ದಲ್ವಾ?" ಎಂದರು ಕುಸುಮಕ್ಕ. "ಅವರ ಕಾಲು ಸೋತದ್ದು ಹಗ್ಗ ಹಿಡಿದ ಕೈಗೇ ಗೊತ್ತಾಗ್ತದೆ. ಯಾವಾಗ ಎಳೆಯುವುದು ಅಂತ ನಾನು ಹೇಳ್ತೇನೆ. ನೀವು ಸ್ವಲ್ಪ ಬಾಯಿ ಮುಚ್ಚಿಕೊಂಡು ಇರಿ, ಆಯ್ತಾ?"

ಮೈಯೆಲ್ಲ ಉರಿಯಿತು. ಆದರೂ ಹಲ್ಲು ಕಚ್ಚಿ, ಮುಷ್ಟಿ ಬಿಗಿದು ನಿಂತೆ. ಮಾತು ಗಂಟಲಿಗೆ ಬಂದಾಗಲೆಲ್ಲ ನುಂಗಿದೆ. ಎರಡನೆಯದು ನಮ್ಮದಾಯಿತು. ಮೂರನೆಯದರಲ್ಲಿ ಒಂದು ನಿಮಿಷ ದಾಟಿದರೂ ಹಗ್ಗ ಅಲ್ಲೇ. ಆಮೇಲೆ ಕುಸುಮಕ್ಕ ಮೆಲ್ಲಗೆ ಏನೋ ಹೇಳಿದರು. ಎಂಟೂ ಜನ ಒಟ್ಟಿಗೆ ಹಿಂದಕ್ಕೆ ಹೆಜ್ಜೆ ಇಟ್ಟರು, ಪಡುಬಿದ್ರಿ ಗೆರೆ ದಾಟಿ ಬಂತು.

ಎಲ್ಲರೂ ಕುಣಿಯುತ್ತಿದ್ದರು. ನನ್ನ ಅಂಗಿ ಒದ್ದೆಯಾಗಿತ್ತು, ಕಾಲು ನಡುಗುತ್ತಿತ್ತು, ದವಡೆ ಬಿಡಿಸಲು ಆಗುತ್ತಿರಲಿಲ್ಲ. ಕುಸುಮಕ್ಕ ನೀರಿನ ಬಾಟಲಿಯನ್ನು ತಾವು ಕುಡಿಯದೆ ಮೊದಲು ನನಗೆ ಕೊಟ್ಟರು.

"ಕೂತುಕೊಳ್ಳಿ ಮಾಷ್ಟ್ರೇ. ಇವತ್ತು ಎಲ್ಲರಿಗಿಂತ ಕಷ್ಟದ್ದು ಹಿಡಿದು ನಿಂತದ್ದು ನೀವೇ."