ನವ್ಯಾಳ ಆರನೆಯ ಭಾಷೆ

ಅಜ್ಜಾವರದ ನವ್ಯಾಳ ಮುತ್ತಜ್ಜ ಮಹಾಬಲ ಗೌಡರು ಕಾಳುಮೆಣಸು ಹೊತ್ತು ಗಡಿ ದಾಟಿ ಹೋಗಿ ಹೋಗಿ ಮಲೆಯಾಳ ಕಲಿತವರು. ಆಚೆಯ ಎರಡು ಮನೆಗಳ ನೀರಿನ ಜಗಳವನ್ನು ಅದೇ ಮಲೆಯಾಳದಲ್ಲಿ ತೀರಿಸಿ ಬಂದವರು. ಅಜ್ಜ ದುಗ್ಗಪ್ಪ ಗೌಡರು ಬ್ಯಾರಿ ಭಾಷೆಯಲ್ಲಿ ಮಾತಿಗಿಳಿದರೆ ಮೀನಿನವ ವ್ಯಾಪಾರ ಮರೆತು ತಂಗಿಯ ಮದುವೆಯ ಸುದ್ದಿ ತೆಗೆಯುತ್ತಿದ್ದ. ಅಜ್ಜಿ ದಮಯಂತಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೂ ಐದು ಭಾಷೆ ಬಲ್ಲವರು. ಆ ಮನೆಯಲ್ಲಿ ಭಾಷೆ ಎಂದರೆ ನೆಗಡಿಯ ಹಾಗೆ, ಹತ್ತಿರ ಕೂತರೆ ಹಿಡಿಯುತ್ತದೆ; ನವ್ಯಾಳಿಗೂ ಅಜ್ಜಿಯ ಐದೂ ಹಿಡಿದಿದ್ದವು. ಶಾಲೆಯ ಇಂಗ್ಲಿಷು, ಹಿಂದಿ ಅಲ್ಲಿ ಲೆಕ್ಕಕ್ಕಿಲ್ಲ.

ಈ ಧೈರ್ಯದಲ್ಲೇ ನವ್ಯಾ ಸುಳ್ಯದಲ್ಲಿ ಇಂಜಿನಿಯರಿಂಗ್ ಓದುತ್ತಾ ಜಪಾನಿ ಭಾಷೆಗೆ ಕೈ ಹಾಕಿದಳು. ಭಾಷೆಯ ಪರೀಕ್ಷೆ ಪಾಸಾದವರಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಆರು ತಿಂಗಳ ತರಬೇತಿ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದ್ದೇ ಅವಳ ಓದು. ಪರೀಕ್ಷೆಯಲ್ಲಿ ಕೇಳುವ ಭಾಗ ಸಲೀಸಾಯಿತು, ಓದುವ ಭಾಗದಲ್ಲಿ ಮಕಾಡೆ ಬಿದ್ದಳು. ನಾಲ್ಕು ತಲೆಮಾರಿನಲ್ಲಿ ಭಾಷೆಯಲ್ಲಿ ಫೇಲಾದವಳು ಅವಳೊಬ್ಬಳೇ.

"ಅಕ್ಷರ ಕೈಯಲ್ಲಿ ಕೂರಬೇಕು, ಬರೆ," ಎಂದೆ. ಅವರ ಪಕ್ಕದ ಮನೆಯವ ನಾನು; ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಕಲಿತದ್ದೆಲ್ಲ ಹಾಗೆಯೇ.

ಮದುವೆ ಕಾಗದಗಳ ಖಾಲಿ ಬೆನ್ನಿಗೆ ಚಿತ್ರದ ಹಾಗಿರುವ ಒಂದೊಂದು ಜಪಾನಿ ಅಕ್ಷರ, ಮೂಲೆಯಲ್ಲಿ ಅದರ ಅರ್ಥ ಬರೆದು, ಅಡಿಕೆ ಸುಲಿಯುವ ಅಜ್ಜಿಯ ಬದಿಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದಳು. ಒಂದು ದಿನ ಅಜ್ಜಿ ಕತ್ತಿ ನಿಲ್ಲಿಸಿದರು.

"ಇದು ಗದ್ದೆಯಲ್ವ ಮಗಾ? ಸುತ್ತ ಮಣ್ಣಿನ ಹುಣಿ, ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಹುಣಿ."

ಮೂಲೆಯ ಅರ್ಥವನ್ನು ನವ್ಯಾ ಹೆಬ್ಬೆರಳು ಸರಿಸಿ ನೋಡಿದಳು. ಗದ್ದೆಯೇ.

"ನಿನಗೆ ಯಾರು ಹೇಳಿದ್ದು?"

"ಹೇಳುದೆಂತ? ಗದ್ದೆಗೆ ಇಳಿದವರಿಗೆ ಗೊತ್ತಾಗ್ತದೆ."

ಮತ್ತೆ ಅಜ್ಜಿಯನ್ನು ತಡೆಯುವವರಿಲ್ಲ. ಮೊಮ್ಮಗಳು ತಡವರಿಸಿದಲ್ಲಿ ಅಡಿಕೆ ಸುಲಿಯುತ್ತಲೇ ಓರೆಗಣ್ಣಲ್ಲಿ ಕಾಗದ ನೋಡಿ ಉತ್ತರ ಹೇಳಿಬಿಡುತ್ತಿದ್ದರು. ನವ್ಯಾ ಮುಖ ಊದಿಸಿಕೊಂಡು ಅದೇ ಅಕ್ಷರವನ್ನು ಇಪ್ಪತ್ತು ಸಲ ಬರೆಯುತ್ತಿದ್ದಳು.

ಎರಡನೆಯ ಸಲದ ಪರೀಕ್ಷೆ ಭಾನುವಾರ ಬೆಂಗಳೂರಿನಲ್ಲಿ; ಸೋಮವಾರ ಬೆಳಿಗ್ಗೆ ಸುಳ್ಯದಲ್ಲಿ ಇಂಜಿನಿಯರಿಂಗಿನ ಪೇಪರು.

"ಒಂದನ್ನು ಬಿಡು ಮಾರಾಯ್ತಿ," ಎಂದ ಅಣ್ಣ ದಿಶಾಂತ್.

"ಬಿಡುದಾದ್ರೆ ನಿನ್ನ ಉಪದೇಶ ಬಿಡ್ತೇನೆ," ಎಂದಳು.

ಶನಿವಾರ ಬಸ್ ಸ್ಟ್ಯಾಂಡಿಗೆ ಅಜ್ಜಿ ಹೊಸ ಸೀರೆ ಉಟ್ಟು, ಕೊಡೆ, ಕೈಚೀಲ ಸಮೇತ ಬಂದಿದ್ದರು.

"ನಾನೂ ಬರ್ತೇನೆ. ಕಿಟಕಿಯ ಹೊರಗೆ ಕೂತ್ಕೊಳ್ತೇನೆ. ನೀನು ತಪ್ಪಿದ್ರೆ ಕೆಮ್ಮುದು, ಅಷ್ಟೆ."

ಬಸ್ಸಿನ ಮೆಟ್ಟಿಲಲ್ಲಿ ನವ್ಯಾ ತಿರುಗಿ ನಿಂತಳು.

"ಬೇಡ ಅಜ್ಜಿ. ನೀನು ಕೆಮ್ಮಿ ನಾನು ಪಾಸಾದ್ರೆ ತರಬೇತಿಗೆ ನಿನ್ನನ್ನೇ ಕರೆದಾರು. ತಪ್ಪಿದ್ರೂ ಅಡ್ಡಿಲ್ಲ, ಇದನ್ನು ನಾನೊಬ್ಬಳೇ ಬರೆಯುದು. ನೀನು ಮನೆಗೆ ಹೋಗು."