ಮಡಚದೆ ಕೊಟ್ಟ ಮತಪತ್ರ

ಎಂ.ಎಸ್ಸಿ. ಮಾಡಿ ಕಾಗದ ಮಡಚಲು ಬಂದೆನಲ್ಲ ಎಂದು ಆ ದಿನ ಬೆಳಿಗ್ಗೆಯೇ ನನಗೆ ಸಿಟ್ಟು. ತೊಂಬತ್ತರ ದಶಕದ ಚುನಾವಣೆ. ಶಿರಸಿಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನನ್ನನ್ನು ದೊಡ್ಮನೆ ಕಡೆಯ ಶಾಲೆಯೊಂದರ ಮತಗಟ್ಟೆಗೆ ಹಾಕಿದ್ದರು. ಮತಪತ್ರವನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿ, ಬಿಡಿಸಿ ಕೊಡಬೇಕು. ಮತದಾರರು ಅದೇ ಗೆರೆಯಲ್ಲಿ ಮಡಚಿದರೆ ಹಸಿ ಶಾಯಿ ಇನ್ನೊಂದು ಚಿಹ್ನೆಗೆ ಅಂಟುವುದಿಲ್ಲ. ಅಂಟಿ ಗೊಂದಲವಾದರೆ ಅದು ಕುಲಗೆಟ್ಟ ಮತ, ಎಣಿಕೆಗೆ ಬಾರದು.

ಮಧ್ಯಾಹ್ನ ಸಾಲು ಅಂಗಳ ದಾಟಿತು. ನನ್ನ ತಾಳ್ಮೆ ಮುಗಿದು, ಮಡಚದೆಯೇ ಕೊಡತೊಡಗಿದೆ. ಮೊಮ್ಮಗಳ ಕೈ ಹಿಡಿದು ಬಂದಿದ್ದ ಅಜ್ಜಿಯೊಬ್ಬಳು ಮುದ್ರೆ ಒತ್ತಿದ ಚೀಟಿಯನ್ನು ಎಲೆಯಡಿಕೆಯ ಕವಳದ ಹಾಗೆ ಸುತ್ತಿ ತಂದು ಪೆಟ್ಟಿಗೆಗೆ ತುರುಕಿದಳು.

“ಯನ್ನ ಓಟು ಸಮಾ ಬಿತ್ತಾ ತಮಾ?”

“ಬಿತ್ತು ಅಜ್ಜಿ, ನೀ ಹೋಗು” ಎಂದೆ. ತಲೆ ಎತ್ತಿಯೂ ನೋಡಲಿಲ್ಲ.

ಅವಳ ಹಿಂದೆ ಇನ್ನಷ್ಟು ಸುರುಳಿಗಳು ಬಿದ್ದು ಪೆಟ್ಟಿಗೆಯ ಬಾಯಿ ಕಟ್ಟಿತು. ನಮ್ಮ ಮತಗಟ್ಟೆ ಅಧಿಕಾರಿ, ಹಾವೇರಿ ಕಡೆಯ ಹೆಡ್‌ಮಾಸ್ತರರು, ಎದ್ದು ಬಂದು ನನ್ನ ಮೇಜಿನ ಮೇಲೆ ಮಡಚದೆ ಬಿದ್ದಿದ್ದ ಚೀಟಿಗಳನ್ನು ನೋಡಿದರು. ಬೈಯಲಿಲ್ಲ.

“ಹೊಸಾ ಚೀಟಿ ಕೊಡೂದು ನಿಲ್ಲಸ್ರಿ. ಮೊದಲ ಇವನ್ನ ಮಡಚೂಣು ಬರ್ರಿ” ಎಂದು, ಬೆರಳಿಗೆ ಶಾಯಿ ಹಚ್ಚುತ್ತಿದ್ದವರನ್ನೂ ನನ್ನ ಪಕ್ಕ ಕೂರಿಸಿದರು. ತಾವು ಅಡಿಪಟ್ಟಿ ಹಿಡಿದು ಪೆಟ್ಟಿಗೆಯ ಬಾಯಿ ಬಿಡಿಸಿದರು. ಸಾಲಿನವರು ಗೊಣಗಿದರು, ಆದರೆ ಅರ್ಧ ಗಂಟೆಯಲ್ಲಿ ಎಲ್ಲ ಹಳಿಗೆ ಬಂತು. ಸಂಜೆ ಶಾಲೆಯ ಕಟ್ಟೆಯ ಮೇಲೆ ಕೂತು ಅವರೊಂದಿಗೆ ಕುಡಿದ ಮಜ್ಜಿಗೆ ನನಗೆ ಇನ್ನೂ ನೆನಪಿದೆ. ಅಂಥವರ ಕೈಕೆಳಗೆ ಕೆಲಸ ಮಾಡುವ ಭಾಗ್ಯ ಮತ್ತೆ ಸಿಗಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ತರಗತಿಯಲ್ಲಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಪಾಠ. ಜೀವಕೋಶದೊಳಗಿನ ಆ ಜಾಲದಲ್ಲೇ ಎಷ್ಟೋ ಪ್ರೋಟೀನುಗಳು ಮಡಚಿಕೊಂಡು ಆಕಾರ ಪಡೆಯುವುದು. ಸರಿಯಾಗಿ ಮಡಚಿಕೊಳ್ಳದವು ರಾಶಿಬಿದ್ದರೆ ಕೋಶಕ್ಕೆ ಒತ್ತಡ. ಆಗ ಹೊಸ ತಯಾರಿಕೆ ತಗ್ಗುತ್ತದೆ, ಮಡಚಲು ನೆರವಾಗುವ ರಕ್ಷಕ ಪ್ರೋಟೀನುಗಳು ಹೆಚ್ಚುತ್ತವೆ. ಅಷ್ಟಾದರೂ ಒತ್ತಡ ಇಳಿಯದಿದ್ದರೆ ಕೋಶ ಸಾಯುತ್ತದೆ. ಮಕ್ಕಳ ಮುಖದಲ್ಲಿ ಬೆಳಕಿಲ್ಲದ್ದು ಕಂಡು ಹೆಡ್‌ಮಾಸ್ತರರ ಕತೆ ಹೇಳಿದೆ. ಎಲ್ಲರಿಗೂ ತಿಳಿಯಿತು. ಮಡಚದೆ ಕೊಟ್ಟವನು ನಾನೇ ಎಂಬುದನ್ನು ಮಾತ್ರ ಹೇಳಲಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಸರ್, ಅವ್ರು ನಿಲ್ಸೂ ಮೊದ್ಲೇ ಪೆಟ್ಟಿಗೆಗೆ ಬಿದ್ದಿದ್ದು ಎಂತಾತು?”

“ಕೋಶದಲ್ಲಾದರೆ ಕೆಟ್ಟದ್ದನ್ನು ಒಡೆದುಹಾಕುತ್ತದೆ” ಎಂದೆ. ಪೆಟ್ಟಿಗೆಯ ಮಾತು ಎತ್ತಲಿಲ್ಲ.

ಅವಳು ಇನ್ನೂ ನಿಂತೇ ಇದ್ದಳು. ನನಗೆ ಅಜ್ಜಿ ನೆನಪಾದಳು, ಶಾಯಿ ಅಂಟಿ ಕುಲಗೆಟ್ಟಿರಬಹುದಾದ ಅವಳ ಸುರುಳಿಯೂ. ಆ ವಯಸ್ಸಿಗೆ ಅದು ಅವಳ ಕೊನೆಯ ಓಟೇ ಆಗಿರಬಹುದು. ಸಮಾ ಬಿತ್ತಾ ಎಂದು ಅವಳು ನನ್ನನ್ನೇ ಕೇಳಿದ್ದಳು.